70 ಎಂ.ಎಂ. ಎಂದರೇನು?

ವಾಡಿಯ ನಮ್ಮ ದಾದಾ ‘ಶಹಾಬಾದಿನಲ್ಲಿ 70 ಎಂ.ಎಂ. ಸಿನೆಮಾ ನೋಡಿದ್ದೆ’ ಎನ್ನುತ್ತಾರೆ. ಅದು ಪರದೆಯ ಅಳತೆ ಎಂದುಕೊಂಡಿದ್ದೆ. ಅಲ್ಲ, ಅದು ಫಿಲ್ಮ್ ಪಟ್ಟಿಯ ಅಗಲ!

ಸಾಮಾನ್ಯ ಪಟ್ಟಿಯ ಅಗಲ 35 ಮಿಲಿಮೀಟರ್. 70ರಲ್ಲಿ ಪ್ರತಿ ಚಿತ್ರಕ್ಕೆ ಹೆಚ್ಚು ಜಾಗ ಸಿಗುವುದರಿಂದ ದೊಡ್ಡ ಪರದೆಯಲ್ಲೂ ಚಿತ್ರ ಮಸುಕಾಗದು. ಜೊತೆಗೆ 6 ಧ್ವನಿಪಥಗಳು. ಆದರೆ ಪ್ರಿಂಟ್ ದುಬಾರಿ, ಪ್ರೊಜೆಕ್ಟರೂ ಬೇರೆ ಬೇಕು.

ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ಸಣ್ಣ ಊರುಗಳಿಗೆ ಸಾಮಾನ್ಯವಾಗಿ ಬರುತ್ತಿದ್ದುದು 35 ಎಂ.ಎಂ. ಪ್ರಿಂಟು. ಸಿನೆಮಾಸ್ಕೋಪಿನಲ್ಲಿ ಕ್ಯಾಮೆರಾದ ಲೆನ್ಸು ಚಿತ್ರವನ್ನು ಅಡ್ಡಕ್ಕೆ ಕುಗ್ಗಿಸುತ್ತದೆ, ಪ್ರೊಜೆಕ್ಟರಿನ ಲೆನ್ಸು ಅಗಲಿಸುತ್ತದೆ. ನಮ್ಮ ರಾಮನಗರದಲ್ಲಿ ಚಿತ್ರೀಕರಿಸಿದ ‘ಶೋಲೆ’ಯನ್ನೂ (1975) 35ರಲ್ಲಿ ತೆಗೆದು 70ಕ್ಕೆ ಹಿಗ್ಗಿಸಿದ್ದರು.

ಇದನ್ನೆಲ್ಲ ಹೇಳಿದಾಗ ದಾದಾ ನಕ್ಕರು: ‘ಇರಲಿ ಬೇಟಾ, ಪರದೆಯಂತೂ ದೊಡ್ಡದೇ ಇತ್ತು. ಊರೆಲ್ಲ ಒಟ್ಟಿಗೆ ಕೂತು ನೋಡಿದ್ದೆವು.’

ಈಗ ಪಟ್ಟಿಯೂ ಇಲ್ಲ, ಎಲ್ಲ ಡಿಜಿಟಲ್. ನಾನು ನೋಡುವುದು ಅಂಗೈಯ ಮೊಬೈಲಿನಲ್ಲಿ, ಒಬ್ಬನೇ.