ನಿಲ್ಲಿಸುವ ವಿದ್ಯೆ

ಕಾರು ಕೊಂಡವನನ್ನು ನಾವು ಕೇಳುವುದು ಅದು ಲೀಟರಿಗೆ ಎಷ್ಟು ಓಡುತ್ತದೆ ಎಂದೇ ಹೊರತು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದಲ್ಲ. ನಾನೂ ಹಾಗೆಯೇ ಇದ್ದವನು. ಕುಲಗೋಡದ ಒಂದು ಅಂಗಳದಲ್ಲಿ ನನ್ನ ಕಾರು ಅಣ್ಣನ ಮಗನ ಬಣವೆಯತ್ತ ತಾನಾಗಿ ಉರುಳತೊಡಗಿದಂದಿನಿಂದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ಆ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಬೆಳಗಾವಿ ಜಿಲ್ಲೆಯ ಕುಲಗೋಡವೆಂದರೆ ಸಾಹಿತ್ಯಪ್ರಿಯರಿಗೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಅಲ್ಲಿಯವರಿಗೆ ಅದು ಕಬ್ಬಿನ ಸೀಮೆಯೂ ಹೌದು. ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಅಂಥ ದಾರಿಯಲ್ಲಿ ಅವುಗಳ ಹಿಂದೆ ಹೋಗುವವನ ಬ್ರೇಕು ಸರಿಯಾಗಿರಬೇಕಾದದ್ದು ಸೌಜನ್ಯದ ಮಾತಲ್ಲ, ಪ್ರಾಣದ ಮಾತು.

ಬ್ರೇಕು ಮಾಡುವ ಕೆಲಸವೇನು? ಓಟವನ್ನು ಉಜ್ಜಿ ಉಜ್ಜಿ ಬಿಸಿಯಾಗಿ ಮಾರ್ಪಡಿಸುವುದು. 1200 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತಾಗ ಹುಟ್ಟುವ ಶಾಖ ಅರ್ಧ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನಾಲ್ಕು ಜನರ ಚಹಾಕ್ಕಾಗುವಷ್ಟು! ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಮಡಿಯಾಗುತ್ತದೆ. ಇಷ್ಟು ಬೇಗೆಯನ್ನು ತಾಳಿಕೊಂಡು ತಾನು ಸವೆಯುತ್ತ ನಮ್ಮನ್ನು ಉಳಿಸುವ ವಸ್ತುವೇ ಬ್ರೇಕ್ ಪ್ಯಾಡು.

ಅದರ ಮೂಲಪುರುಷ ಒಬ್ಬ ಚಮ್ಮಾರನೆಂದರೆ ತಪ್ಪಾಗಲಾರದು. 1888ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಧೀರೆ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳೊಡನೆ ಅವನ ಮೋಟಾರನ್ನು ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕುಗಳು ಸವೆದುಹೋದಾಗ ದಾರಿಯ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲು ಹೊಡೆಸಿದಳು. ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಕುದುರೆಗಾಡಿಯವರು ಗಾಲಿಗೆ ಹಳೆಯ ಬೂಟುಗಳನ್ನು ಒತ್ತಿ ಗಾಡಿ ತಡೆಯುವುದನ್ನು ಕಂಡು, 1897ರಿಂದಾಚೆಗೆ ಬ್ರೇಕಿನ ಪಟ್ಟಿಗಳನ್ನೇ ಒಂದು ಉದ್ಯಮವಾಗಿ ಬೆಳೆಸಿದ. ಆಮೇಲೆ ಆ ಪಟ್ಟಿಗಳಲ್ಲಿ ಕಲ್ನಾರು ಸೇರಿತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಈಗ ಎಲ್ಲರಿಗೂ ಗೊತ್ತು. ಇಂದಿನ ಪ್ಯಾಡು ಯಾವುದೇ ಇರಲಿ, ಬ್ರೇಕಿನ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ನಮ್ಮ ದೇಶದ ಬಹುಪಾಲು ಸಣ್ಣ ಕಾರುಗಳ ಹಿಂದಿನ ಗಾಲಿಗಳಲ್ಲಿರುವುದು ಡ್ರಮ್ಮು. ಅದರ ಹೊಟ್ಟೆಯೊಳಗಿನವು ಶೂಗಳು. ನನ್ನ ಕಾರಿಗೆ ಹಿಂದೆಯೂ ಡಿಸ್ಕು. ಗಾಲಿಯೊಡನೆ ತಿರುಗುವ ತಟ್ಟೆಯನ್ನು ಕ್ಯಾಲಿಪರ್ ಎಂಬ ಇಕ್ಕಳ ಎರಡು ಪ್ಯಾಡುಗಳ ನಡುವೆ ಅಮುಕುತ್ತದೆ. ನೆಲ ಸಮವಿರಬೇಕು; ಮುಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು; ಕೈಬ್ರೇಕು ಸಡಿಲಿಸಿರಬೇಕು. ಗಾಲಿಯ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಂಡು ಆಮೇಲೆ ಜಾಕ್ ಏರಿಸಬೇಕು. ಬರೀ ಜಾಕನ್ನು ನಂಬಿ ಕೆಳಗೆ ಕೈಯಿಡುವವನು ಮೂರ್ಖ. ಕೆಳಗೆ ಗಟ್ಟಿಯಾದ ಸ್ಟ್ಯಾಂಡು ಬೇಕೇ ಬೇಕು.

ಕ್ಯಾಲಿಪರಿನ ಬೋಲ್ಟು ಬಿಚ್ಚಿ ಹಳೆಯ ಪ್ಯಾಡುಗಳನ್ನು ಹೊರತೆಗೆದಾಗ ನನ್ನ ಎದೆ ಝಲ್ಲೆಂದಿತು. ಹೊರಗಿನದರಲ್ಲಿ ಅರ್ಧ ದಪ್ಪ ಉಳಿದಿತ್ತು. ಒಳಗಿನದು ತಗಡಿನವರೆಗೆ ಸವೆದಿತ್ತು. ಕ್ಯಾಲಿಪರು ಜಾರಾಡುವ ಪಿನ್ನುಗಳಲ್ಲಿ ಎರೆಮಣ್ಣಿನ ರಾಡಿ ಕೂತು ಒಣಗಿ ಬಿಗಿದುಕೊಂಡಿದ್ದರಿಂದ ಒಳಪ್ಯಾಡೇ ಸದಾ ಉಜ್ಜುತ್ತಿತ್ತು. ಗಾಲಿಯ ಸಂದಿಯಿಂದ ಇಣುಕಿ ನೋಡಿ, ಇನ್ನೂ ಇದೆ ಎಂದು ನೆಮ್ಮದಿಯಿಂದಿದ್ದೆನಲ್ಲ, ಆ ಇಣುಕುನೋಟಕ್ಕೆ ಕಾಣುವುದು ಹೊರಗಿನದು ಮಾತ್ರ. ಪಿನ್ನುಗಳನ್ನು ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸು ಸವರಿದೆವು. ಆ ಗ್ರೀಸಿನ ಹನಿಯೂ ಪ್ಯಾಡಿನ ಮುಖಕ್ಕಾಗಲಿ ತಟ್ಟೆಗಾಗಲಿ ಸೋಕಬಾರದು. ಕ್ಯಾಲಿಪರನ್ನು ಅದರ ರಬ್ಬರ್ ನಳಿಕೆಯಿಂದ ಜೋತುಬಿಡದೆ ತಂತಿಯಿಂದ ಮೇಲೆ ಕಟ್ಟಬೇಕು.

ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲು ಪಿಸ್ಟನ್ನನ್ನು ಒಳಕ್ಕೆ ಸರಿಸಬೇಕು. ಹಿಂದಿನ ಗಾಲಿಯ ಗುಟ್ಟಿರುವುದು ಇಲ್ಲಿಯೇ. ಎಷ್ಟೋ ಕಾರುಗಳಲ್ಲಿ ಕೈಬ್ರೇಕಿನ ಯಂತ್ರ ಈ ಪಿಸ್ಟನ್ನಿನೊಳಗೇ ತಿರುಪಿನಂತೆ ಕೂತಿರುತ್ತದೆ. ಅಂಥದನ್ನು ಒತ್ತಿದರೆ ಹೋಗದು, ಜುಲುಮೆ ಮಾಡಿದರೆ ಒಳಗೆ ಮುರಿಯುತ್ತದೆ. ಒತ್ತುತ್ತಲೇ ತಿರುಗಿಸಬೇಕು. ಗುಂಡಿಯೊತ್ತಿ ಹಾಕುವ ವಿದ್ಯುತ್ ಕೈಬ್ರೇಕಾದರೆ, ತಯಾರಕರು ಪುಸ್ತಕದಲ್ಲಿ ಹೇಳಿದಂತೆ ಅದನ್ನು ಮೊದಲು ದುರಸ್ತಿಯ ಸ್ಥಿತಿಗೆ ತರಬೇಕು. ಪಿಸ್ಟನ್ನು ಹಿಂದೆ ಸರಿದಂತೆ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರುತ್ತದೆ; ಚೆಲ್ಲಿದರೆ ಬಣ್ಣ ತಿನ್ನುತ್ತದೆ. ಒಂದು ಗಾಲಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಎಂಬ ಜಿಪುಣತನ ಸಲ್ಲದು.

ಇಷ್ಟೆಲ್ಲ ಸರಿಯಾಗಿ ಮಾಡಿ ನಾನು ಮರೆತದ್ದು ಒಂದನ್ನು. ಪಿಸ್ಟನ್ನುಗಳು ಹಿಂದೆ ಸರಿದಿರುವಾಗ ಪ್ಯಾಡು ಮತ್ತು ತಟ್ಟೆಯ ನಡುವೆ ತೆರವಿರುತ್ತದೆ. ಕಾರು ಕದಲಿಸುವ ಮೊದಲು ಪೆಡಲನ್ನು ಮತ್ತೆ ಮತ್ತೆ ತುಳಿದು ಆ ತೆರವನ್ನು ತುಂಬಬೇಕು. ನಾನು ಕಲ್ಲು ತೆಗೆಸಿ, ಗೇರು ಬಿಡಿಸಿದೆ. ಅಂಗಳದ ಇಳಿಜಾರಿನಲ್ಲಿ ಕಾರು ಹೊರಟಿತು. ಪೆಡಲು ತುಳಿದರೆ ತಳ ಮುಟ್ಟಿತು. ಕೈಬ್ರೇಕು ಎಳೆದರೆ ಅದೂ ಬರಿದೆ ಮೇಲೆ ಬಂತು, ಅದರ ಯಂತ್ರವೂ ಅದೇ ಪಿಸ್ಟನ್ನಿನೊಳಗಿತ್ತಲ್ಲ! ಬಣವೆಯ ಬದಿಯಲ್ಲಿ ಕಟ್ಟಿದ ಕರು ನನ್ನನ್ನೇ ನೋಡುತ್ತಿತ್ತು. “ಕಾಕಾ, ಇನ್ನೊಮ್ಮೆ ತುಳೀರಿ, ಇನ್ನೊಮ್ಮೆ!” ಎಂದು ಹುಡುಗ ಕೂಗುತ್ತ ಓಡಿಬಂದ. ಮೂರನೆಯ ತುಳಿತಕ್ಕೆ ಪೆಡಲು ಗಟ್ಟಿಯಾಯಿತು. ಕಾರು ನಿಂತಾಗ ಕರುವಿಗೂ ಬಂಪರಿಗೂ ಒಂದು ಮೊಳ ಅಂತರ.

ಅವನು ಏನೂ ಬೈಯಲಿಲ್ಲ. ಕರುವಿನ ಹಗ್ಗ ಬಿಚ್ಚಿ ಹಿತ್ತಲಿಗೆ ಒಯ್ದು ಕಟ್ಟಿ ಬಂದು, ಬ್ರೇಕ್ ಎಣ್ಣೆಯ ಮಟ್ಟ ನೋಡಿದ. ಸಂಜೆ ಬರಿದಾದ ದಾರಿಯಲ್ಲಿ ಗಂಟೆಗೆ ಐವತ್ತರಿಂದ ಹತ್ತರವರೆಗೆ ಮೆಲ್ಲಗೆ ವೇಗ ಇಳಿಸುತ್ತ, ಪೂರಾ ನಿಲ್ಲಿಸದೆ, ಹತ್ತು ಸಲ ಓಡಿಸಿ ಹೊಸ ಪ್ಯಾಡುಗಳನ್ನು ತಟ್ಟೆಗೆ ಹೊಂದಿಸಿದೆವು. ಸವೆದ ಒಳಪ್ಯಾಡನ್ನು ಅವನು ಎಸೆಯಗೊಡಲಿಲ್ಲ. ಅದೀಗ ಅವರ ಮನೆಯ ಕಿಟಕಿಯ ಕಟ್ಟೆಯ ಮೇಲಿದೆ. ಟ್ರ್ಯಾಕ್ಟರಿನ ಗೆಳೆಯರು ಬಂದಾಗ ಕೈಗೆ ಕೊಟ್ಟು ತೋರಿಸುತ್ತಾನೆ.