ಹಿತ್ತಲಿನಲ್ಲಿ ಮೆಣಸಿನ ಗಿಡ: ನೆಡತಕ್ಕ ಕಾಲವೂ ಕ್ರಮವೂ

ಮೆಣಸಿನಕಾಯಿಯು ಮೂಲತಃ ಈ ದೇಶದ ಬೆಳೆಯಲ್ಲ. ಅಮೇರಿಕಾ ಖಂಡದ ಈ ಗಿಡವು 16ನೆಯ ಶತಮಾನದಲ್ಲಿ ಪೋರ್ತುಗೀಜರ ಮುಖಾಂತರ ಹಿಂದೂಸ್ಥಾನಕ್ಕೆ ಬಂದಿತು. ಅದಕ್ಕೆ ಮುಂಚೆ ಅಡಿಗೆಯ ಖಾರಕ್ಕೆ ಕಾಳುಮೆಣಸೇ ಮುಖ್ಯ ಆಧಾರವಾಗಿದ್ದಿತು. ಇಂದು ಮೆಣಸಿನಕಾಯಿ ಬೇಡದ ಮನೆಯೇ ಇಲ್ಲ. ಹೀಗಿದ್ದರೂ ಬಾವಿ, ಹಟ್ಟಿಗೊಬ್ಬರ, ಹಿತ್ತಲು ಈ ಮೂರೂ ಉಳ್ಳ ಮನೆಗಳವರು ಸಹ ಸಂತೆಯಿಂದ ಕೊಂಡು ತರುವುದುಂಟು. ಕೇಳಿದರೆ, “ಬಿತ್ತಿದೆವು, ಸಸಿಗಳು ಕೊಳೆತು ಹೋದವು” ಎಂಬುದೇ ಉತ್ತರ. ಬಹುತರವಾಗಿ ಈ ದೋಷವು ಬೀಜದ್ದಲ್ಲ. ಕಾಲವರಿಯದೆ ಬಿತ್ತಿದುದರ ಫಲ.

ಕಾಲ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಿಗೆ ಒಂದೇ ಕಾಲವು ಸಲ್ಲದು. ಘಟ್ಟದ ಅಂಚಿನ ಜೋಯಿಡಾದ ಮಳೆಗೂ ಬಯಲುಸೀಮೆಯ ಸೆರಗಿನ ಮುಂಡಗೋಡದ ಮಳೆಗೂ ಬಹಳ ಅಂತರವಿದೆ. ಮೆಣಸಿನ ಬೇರು ತೇವವನ್ನು ಬಯಸುವುದೇ ಹೊರತು ನಿಂತ ನೀರನ್ನು ಸೈರಿಸದು.

ಹಳಿಯಾಳದ ಪೂರ್ವಭಾಗ ಮತ್ತು ಮುಂಡಗೋಡಗಳಲ್ಲಿ, ನೀರು ಬಸಿದು ಹೋಗುವ ನೆಲವಿದ್ದರೆ, ಮೇ ಮಧ್ಯದಲ್ಲಿ ಮಡಿಯಲ್ಲಿ ಬಿತ್ತಿ ಆರಿದ್ರಾ ಅಥವಾ ಪುನರ್ವಸು ಮಳೆಯಲ್ಲಿ ಏರುಸಾಲುಗಳ ಮೇಲೆ ನಾಟಿ ಮಾಡಬಹುದು. ಕಾಯಿ ಕೆಂಪಾಗುವ ಹೊತ್ತಿಗೆ ಮಳೆಯು ಹಿಂದೆಗೆದಿರುವುದರಿಂದ ಒಣಗಿಸುವುದಕ್ಕೂ ಅನುಕೂಲ.

ಜೋಯಿಡಾದಲ್ಲಿಯೂ, ಹಿಂದೆ ಹಳಿಯಾಳಕ್ಕೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ದಾಂಡೇಲಿಯ ಕಾಡಂಚಿನ ಊರುಗಳಲ್ಲಿಯೂ ಮುಂಗಾರಿನಲ್ಲಿ ಬಯಲಲ್ಲಿ ನೆಡುವುದು ವ್ಯರ್ಥ ಶ್ರಮ. ಅಲ್ಲಿ ಉತ್ತರಾ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದ ನಂತರ, ಮರೆಯುಳ್ಳ ಮಡಿಯಲ್ಲಿ ಬಿತ್ತಿ, ಸ್ವಾತಿ ಮಳೆಯ ಹೊತ್ತಿಗೆ ನಾಟಿ ಮಾಡತಕ್ಕದ್ದು. ಇದಕ್ಕಿಂತ ಬಹಳ ತಡವಾದರೆ ಡಿಸೆಂಬರದ ಚಳಿಯಲ್ಲಿ ಎಳೆಯ ಸಸಿಯು ಕುಗ್ಗುವುದು. ಬಾವಿಯ ನೀರು ಬೇಸಗೆಯವರೆಗೆ ನಿಲ್ಲುವ ಹಿತ್ತಲಾದರೆ ನಾಲ್ಕೂ ತಾಲೂಕುಗಳಲ್ಲಿ ಈ ಹಿಂಗಾರಿನ ಕಾಲವೇ ನಿರ್ಭಯವಾದುದು.

ತಳಿ

ಒಣಮೆಣಸಿಗಾಗಿ ಬ್ಯಾಡಗಿ ತಳಿಯು ಪ್ರಸಿದ್ಧವಾದುದು. ಮುಂಡಗೋಡದ ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನು ಹೊತ್ತ ಇದಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬಣ್ಣ ಹೆಚ್ಚು, ಖಾರ ಕಡಿಮೆ. ಹಸಿಮೆಣಸಿಗೆ ಪೂಸಾ ಜ್ವಾಲಾ ಉಚಿತ. ಘಟ್ಟದ ಮನೆಗಳಿಗೆ ಸೂಜಿಮೆಣಸು ಹೊಂದುವುದು. ಕಾಯಿ ಚಿಕ್ಕದಾದರೂ ಖಾರವು ಬಲು ತೀಕ್ಷ್ಣ, ಗಿಡವು ಎರಡು ಮೂರು ವರ್ಷ ಬಾಳುವುದು.

ಸಸಿಮಡಿ

ಮೆಣಸಿನ ಬೆಳೆಯ ಗೆಲವು ಸೋಲುಗಳು ಮಡಿಯಲ್ಲಿಯೇ ನಿರ್ಣಯವಾಗುವುವು. ಮಡಿಯು ಮೂರಡಿ ಅಗಲವಾಗಿಯೂ ಅರ್ಧ ಅಡಿ ಎತ್ತರವಾಗಿಯೂ ಇರಬೇಕು. ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ಮಾತ್ರ ಬೆರಸತಕ್ಕದ್ದು. ಎರಡು ಅಂಗುಲದ ಅಂತರದಲ್ಲಿ ಗೆರೆ ಎಳೆದು, ಕಾಲು ಅಂಗುಲ ಆಳದಲ್ಲಿ ಬೀಜಗಳನ್ನು ವಿರಳವಾಗಿ ಬಿತ್ತಿ, ಹುಡಿಮಣ್ಣು ಮುಚ್ಚಿ, ಮೇಲೆ ಒಣಹುಲ್ಲು ಹರಡಬೇಕು. ಸುಮಾರು ಎಂಟು ಹತ್ತು ದಿನಗಳಲ್ಲಿ ಮೊಳಕೆ ಕಂಡೊಡನೆ ಹುಲ್ಲನ್ನು ತೆಗೆಯಬೇಕು. ಸೂರಿನ ನೀರು ಬೀಳುವಲ್ಲಿ ಮಡಿಯನ್ನು ಮಾಡಲೇಬಾರದು.

ಸಸಿಗಳ ಬುಡವು ಕರಗಿ ಒರಗುವುದೇ ಕೊಳೆಯ ಲಕ್ಷಣ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೇ ಇದಕ್ಕೂ ಮದ್ದು. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತವನ್ನೂ, ಬೇರೆ ಅರ್ಧ ಲೀಟರಿನಲ್ಲಿ 10 ಗ್ರಾಂ ಸುಣ್ಣವನ್ನೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಿ, ಮಡಿಗೆ ಎರೆಯಬೇಕು. ಕಬ್ಬಿಣದ ಪಾತ್ರೆಯು ಇದಕ್ಕೆ ಸಲ್ಲದು.

ನಾಟಿ

ಬಿತ್ತಿ ಸುಮಾರು 40 ದಿನಗಳಾಗಿ, ಸಸಿಯು ಅರ್ಧ ಅಡಿ ಎತ್ತರಕ್ಕೆ ಬಂದಾಗ ಸಂಜೆಯ ಹೊತ್ತು ಕಿತ್ತು ನೆಡತಕ್ಕದ್ದು. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ. ಕುಣಿಗೆ ಎರಡು ಬೊಗಸೆ ಗೊಬ್ಬರ ಸಾಕು. ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ ಸ್ಥಳವೇ ಬೇಕು. ತೆಂಗು, ಹಲಸುಗಳ ನೆರಳಿನಲ್ಲಿ ಗಿಡವು ಉದ್ದವಾಗುವುದಲ್ಲದೆ ಕಾಯಿ ಕಟ್ಟದು.

ಬದನೆ, ಟೊಮೇಟೊ, ಹೊಗೆಸೊಪ್ಪು ಬೆಳೆದ ನೆಲದಲ್ಲಿ ಒಡನೆಯೇ ಮೆಣಸು ನೆಡಬಾರದು; ಇವೆಲ್ಲ ಒಂದೇ ಕುಲದವು, ರೋಗಗಳೂ ಸಮಾನ. ಹಸುರಾಗಿದ್ದ ಗಿಡವು ಹಠಾತ್ತನೆ ಸೊರಗಿದರೆ, ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದು ನೋಡಬೇಕು. ಹಾಲಿನಂಥ ಎಳೆಯು ಇಳಿದರೆ ಅದು ಸೊರಗು ರೋಗ. ಅದಕ್ಕೆ ಔಷಧವಿಲ್ಲ, ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಆ ಸ್ಥಳದಲ್ಲಿ ಕೆಲವು ವರ್ಷ ಗೋವಿನಜೋಳ ಮುಂತಾದುವನ್ನು ಬೆಳೆಯುವುದು ಲೇಸು.

ಮುಟುರು ರೋಗ

ಎಲೆಯ ಅಂಚು ಮೇಲಕ್ಕೆ ಮಡಿಚಿದರೆ ಥ್ರಿಪ್ಸ್ ಎಂಬ ಕೀಟದ ಬಾಧೆ, ಕೆಳಕ್ಕೆ ಮಡಿಚಿದರೆ ಮೈಟ್ ನುಸಿಯ ಬಾಧೆ ಎಂದು ತಿಳಿಯಬೇಕು. ಥ್ರಿಪ್ಸಿಗೆ 50 ಗ್ರಾಂ ಜಜ್ಜಿದ ಬೇವಿನ ಬೀಜದ ತಿರುಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ, ಚೂರು ಸಾಬೂನು ಬೆರಸಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಬೇಕು. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂ ಪ್ರಮಾಣದಲ್ಲಿ, ಬಿಸಿಲು ಇಳಿದ ಮೇಲೆ ಉಪಯೋಗಿಸಬೇಕು. ಬಿಳಿನೊಣದಿಂದ ಹರಡುವ ನಂಜಿಗೆ ಸಿಕ್ಕಿ ಗಿಡ್ಡಾಗಿ ಗುಜ್ಜಾದ ಗಿಡವನ್ನು ಮರುಕವಿಲ್ಲದೆ ಕೀಳತಕ್ಕದ್ದು.

ನಾಟಿಯಾದ ಎರಡು ಎರಡೂವರೆ ತಿಂಗಳಿಗೆ ಹಸಿಕಾಯಿ ಕೈಗೆ ಬರುವುದು. ತೊಟ್ಟುಸಹಿತ ಆಗಾಗ ಬಿಡಿಸಿದಷ್ಟೂ ಹೊಸ ಹೂವು ಬರುವುದು.

ಊರಿನ ಪ್ರಮುಖರೂ ಜಮೀನುದಾರರೂ ತಮ್ಮ ಹಿತ್ತಲಿನಲ್ಲಿ ಒಂದು ಮಡಿಯನ್ನು ಹೆಚ್ಚಾಗಿ ಮಾಡಿ, ಸಕಾಲದಲ್ಲಿ ಸಸಿಗಳನ್ನು ನೆರೆಯವರಿಗೆ ಹಂಚಿದರೆ ಮಡಿಯ ತಿಳಿವಳಿಕೆಯೂ ಜೊತೆಗೇ ಹರಡುವುದು. ಆದರೆ ರೋಗ ಕಂಡ ಮಡಿಯ ಒಂದು ಸಸಿಯನ್ನೂ ಕೊಡಬಾರದು. ಒಂದು ಹಿತ್ತಲಿನ ಕೇಡು ಅದರೊಡನೆ ಇಡೀ ಕೇರಿಗೆ ಹೋದೀತು.