ಹಳೆಯ ಚೇತಕ್‌ಗೆ ಪುಣೆಯ ಪೇಠೆಗಳೇ ಆಸರೆ

ಪುಣೆಯಲ್ಲಿ ಹಳೆಯ ಸ್ಕೂಟರ್ ಸಾಕಿಕೊಂಡವರಿಗೆಲ್ಲ ಬುಧವಾರ ಮತ್ತು ಭಾನುವಾರದ ಮೇಲೆಯೇ ಕಣ್ಣು. ಅವೆರಡು ದಿನ ಮಂಗಳವಾರ ಪೇಠೆಯಲ್ಲಿ ಜುನಾ ಬಾಜಾರ್ ನೆರೆಯುತ್ತದೆ. ನೆಲಕ್ಕೆ ಹಾಸಿದ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆಗಳ ಮೇಲೆ ಹಿತ್ತಾಳೆಯ ಬೀಗ, ನಿಂತುಹೋದ ಗಡಿಯಾರ, ಚಲಾವಣೆ ತಪ್ಪಿದ ನಾಣ್ಯ, ಸ್ಪ್ಯಾನರು, ಗರಗಸ. ಅವುಗಳ ನಡುವೆಯೇ ಎಣ್ಣೆ ಮೆತ್ತಿದ ಕಾರ್ಬುರೇಟರ್, ಒಂಟಿ ಹೆಡ್‌ಲೈಟ್, ಹಲ್ಲು ಸವೆಯದ ಗಿಯರು. ಗೊತ್ತಿಲ್ಲದವರಿಗೆ ಇದೆಲ್ಲ ಗುಜರಿ. ಗೊತ್ತಿದ್ದವರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ಬೆರಳಿನಿಂದ ಜಿಡ್ಡು ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.

ಅವರಲ್ಲಿ ಅನೇಕರು ಹುಡುಕುವುದು ಬಜಾಜ್ ಚೇತಕ್‌ನ ಬಿಡಿಭಾಗಗಳನ್ನು. ಕಾರ್ಖಾನೆ ಆ ಸ್ಕೂಟರನ್ನು ಕೈಬಿಟ್ಟು ಎರಡು ದಶಕವಾಗುತ್ತ ಬಂತು. ಆದರೂ ಪುಣೆಯ ಗಲ್ಲಿಗಳಲ್ಲಿ ಅದರ ಟೂ-ಸ್ಟ್ರೋಕ್ ಸದ್ದು ಇನ್ನೂ ಕೇಳುತ್ತದೆ. ಅದನ್ನು ಓಡುವಂತೆ ಇಟ್ಟಿರುವುದು ಒಂದು ಕಸುಬು: ಸಿಗದ ಭಾಗವನ್ನು ಹುಡುಕುವುದು, ಸಿಕ್ಕಿದ್ದು ಯಾವ ವರ್ಷದ ಗಾಡಿಯದೆಂದು ಗುರುತಿಸುವುದು, ಎಲ್ಲೂ ಸಿಗದಿದ್ದರೆ ಮಾಡಿಸುವುದು. ಈ ಕಸುಬಿಗೆ ಕಾಲೇಜಿಲ್ಲ, ಪ್ರಮಾಣಪತ್ರವಿಲ್ಲ. ಯಾವುದೇ ವಸ್ತುಸಂಗ್ರಹಾಲಯಕ್ಕೆ ಕಡಿಮೆಯಿಲ್ಲದ ಗೌರವ ಇದಕ್ಕೆ ಸಲ್ಲಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಆಕುರ್ಡಿಯ ಕುದುರೆ

ಚೇತಕ್‌ನ ವಂಶ ಇಟಲಿಯದು. 1946ರಲ್ಲಿ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದನ್ನು ರೂಪಿಸಿದ ಕೊರಾಡಿನೊ ದಸ್ಕಾನಿಯೊ ಮೂಲತಃ ವಿಮಾನದ ಎಂಜಿನಿಯರ್. ಹಾಗಾಗಿಯೇ ಅದರಲ್ಲಿ ಮೋಟರ್‌ಸೈಕಲ್ಲಿಗಿರುವ ಪೈಪಿನ ಚೌಕಟ್ಟಿಲ್ಲ, ಒತ್ತಿ ಬಾಗಿಸಿದ ಉಕ್ಕಿನ ತಗಡೇ ಭಾರ ಹೊರುತ್ತದೆ. ಚೈನೂ ಇಲ್ಲ. ಎಂಜಿನ್ನಿನ ಬಲ ಗಿಯರುಗಳ ಮೂಲಕ ನೇರವಾಗಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಚಕ್ರವನ್ನು ಒಂದೇ ಬದಿಯಿಂದ ಹಿಡಿದಿರುವುದರಿಂದ ದಾರಿಯಲ್ಲಿ ಪಂಕ್ಚರ್ ಆದರೆ ಕಾರಿನ ಚಕ್ರದ ಹಾಗೆ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿಕೊಳ್ಳಬಹುದು.

ಬಜಾಜ್ ಆಟೊಗೆ ಸರ್ಕಾರದ ಪರವಾನಗಿ ಸಿಕ್ಕಿದ್ದು 1959ರಲ್ಲಿ. ಪಿಯಾಜಿಯೊ ಜೊತೆಗಿನ ಒಪ್ಪಂದದ ಮೇಲೆ ಪುಣೆಯ ಹೊರವಲಯದ ಆಕುರ್ಡಿಯಲ್ಲಿ ಬಜಾಜ್ ವೆಸ್ಪಾ ತಯಾರಾಗತೊಡಗಿತು. 1971ರಲ್ಲಿ ಒಪ್ಪಂದ ಮುಗಿಯಿತು. ಮರುವರ್ಷವೇ ಕಂಪನಿ ತನ್ನದೇ ಹೆಸರಿನಲ್ಲಿ ಸ್ಕೂಟರ್ ತಂದಿತು, ರಾಣಾ ಪ್ರತಾಪನ ಕುದುರೆಯ ಹೆಸರನ್ನು ಅದಕ್ಕಿಟ್ಟಿತು. ಎಷ್ಟು ಗಾಡಿ ತಯಾರಿಸಬೇಕೆಂಬುದನ್ನೂ ಸರ್ಕಾರವೇ ನಿಗದಿ ಮಾಡುತ್ತಿದ್ದ ಕಾಲ ಅದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಸ್ಕೂಟರನ್ನು ಜನ ಸುಲಭಕ್ಕೆ ಮಾರಲಿಲ್ಲ. ಮದುವೆಗೆ ಬಂದದ್ದು, ಅಪ್ಪ ಆಫೀಸಿಗೆ ಹೋಗುತ್ತಿದ್ದದ್ದು, ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಟ್ಟದ್ದು ಎಂದು ಹೊದಿಕೆ ಹಾಕಿ ಇಟ್ಟುಕೊಂಡರು. ಇವತ್ತು ರಿಪೇರಿಗೆ ಬರುವ ಚೇತಕ್‌ಗಳಲ್ಲಿ ಬಹುಪಾಲು ಹೀಗೆ ಮನೆಯ ಮೂಲೆಯಲ್ಲಿ ಉಳಿದವೇ.

2000ರ ದಶಕದ ಮಧ್ಯಭಾಗದಲ್ಲಿ ಚೇತಕ್ ತಯಾರಿಕೆ ನಿಂತಿತು. 2009ರ ಕೊನೆಗೆ ಸ್ಕೂಟರ್ ವ್ಯವಹಾರದಿಂದಲೇ ಹೊರಬರುವುದಾಗಿ ಕಂಪನಿ ಘೋಷಿಸಿತು. ಹತ್ತು ವರ್ಷದ ನಂತರ ಹೆಸರು ಮರಳಿತು. 2019ರಲ್ಲಿ ಅನಾವರಣಗೊಂಡ ಹೊಸ ಚೇತಕ್ ವಿದ್ಯುತ್ತಿನದು. 2022ರಲ್ಲಿ ಅದಕ್ಕೆಂದು ಆಕುರ್ಡಿಯಲ್ಲೇ ಹೊಸ ಘಟಕವೂ ಬಂತು. ಆದರೆ ಹೊಸದರ ಒಂದು ಭಾಗವೂ ಹಳೆಯದಕ್ಕೆ ಹೊಂದುವುದಿಲ್ಲ.

ಬಿಚ್ಚಿದರೆ ಅರ್ಥವಾಗುವ ಎಂಜಿನ್

57 ಮಿ.ಮೀ. ಬೋರ್, 57 ಮಿ.ಮೀ. ಸ್ಟ್ರೋಕ್, 145.45 ಸಿಸಿ. ಹಳೆಯ ಚೇತಕ್ ಎಂಜಿನ್ನಿನ ಜಾತಕ ಇಷ್ಟೇ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಜಾರಿಕೆ ಕೊಡುತ್ತದೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಮರ ಕೊಯ್ಯುವ ಚೈನ್‌ಸಾ ನಡೆಯುವುದೂ ಇದೇ ತತ್ವದ ಮೇಲೆ. ಹಳೆಯ ಚೈನ್‌ಸಾ ದುರಸ್ತಿಗೆ ಕೂತವರಿಗೂ ಹಳೆಯ ಚೇತಕ್ ಬಿಚ್ಚಿದವರಿಗೂ ಎದುರಾಗುವ ಕಾಯಿಲೆಗಳು ಹೆಚ್ಚು ಕಡಿಮೆ ಒಂದೇ: ಸವೆದ ಪಿಸ್ಟನ್ ರಿಂಗ್, ಕಟ್ಟಿಕೊಂಡ ಕಾರ್ಬುರೇಟರ್, ಸೋರುವ ಆಯಿಲ್ ಸೀಲ್.

ಈ ಆಯಿಲ್ ಸೀಲ್ ವಿಚಾರದಲ್ಲಿ ಅನುಭವಿ ಮಿಸ್ತ್ರಿಗಳು ತುಂಬ ಕಟ್ಟುನಿಟ್ಟು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಪೆಟ್ಟಿಗೆಗೆ ಬಂದು ಅಲ್ಲಿಂದ ಸಿಲಿಂಡರಿಗೆ ಏರಬೇಕು. ಆದ್ದರಿಂದ ಪೆಟ್ಟಿಗೆ ಗಾಳಿಯಾಡದಂತೆ ಬಿಗಿಯಾಗಿರಲೇಬೇಕು. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಕ್ಲಚ್ ಬದಿಯದು ಹೋದರೆ ಗಿಯರ್ ಆಯಿಲನ್ನು ಎಳೆದುಕೊಂಡು ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಚಿಲ್ಲರೆ ಬೆಲೆಯ ಒಂದು ರಬ್ಬರ್ ಬಳೆ ಪಿಸ್ಟನ್ನನ್ನೇ ಸುಟ್ಟುಹಾಕಬಲ್ಲದು.

ಹುಡುಕಾಟದ ಮೂರು ನೆಲೆ

ಭಾಗ ಬೇಕಾದವರು ಮೊದಲು ಹೋಗುವುದು ನಾನಾ ಪೇಠೆಗೆ. ದ್ವಿಚಕ್ರ ವಾಹನದ ಬಿಡಿಭಾಗಕ್ಕೆ ಪುಣೆಯಲ್ಲಿ ಹೆಸರಾದ ಜಾಗವಿದು. ಇಕ್ಕಟ್ಟಾದ ಅಂಗಡಿ, ಸೂರಿನವರೆಗೆ ಏರಿದ ಖಾನೆಗಳು, ತೂಗುಬಿದ್ದ ಕೇಬಲ್ಲು, ಟ್ಯೂಬು. ಕ್ಲಚ್ ಪ್ಲೇಟ್, ಬ್ರೇಕ್ ಶೂ, ಗಿಯರ್ ಕೇಬಲ್‌ನಂಥ ಸವೆಯುವ ಭಾಗಗಳು ಇಲ್ಲಿ ಹೊಸದಾಗಿಯೇ ಸಿಗುತ್ತವೆ, ಯಾಕೆಂದರೆ ಅವಕ್ಕೆ ಇನ್ನೂ ಗಿರಾಕಿಗಳಿದ್ದಾರೆ, ತಯಾರಿಸುವವರೂ ಇದ್ದಾರೆ. ಹಳೆಯ ವರ್ತಕರಲ್ಲಿ ಕೆಲವೊಮ್ಮೆ ದೂಳು ಹಿಡಿದ ರಟ್ಟಿನ ಡಬ್ಬಿಯಲ್ಲಿ ಬಿಚ್ಚದೆ ಉಳಿದ ಕಂಪನಿ ಮಾಲೂ ಹೊರಬರುತ್ತದೆ. ಸಂಗ್ರಾಹಕರಿಗೆ ಅಂಥ ಡಬ್ಬಿ ಸಿಕ್ಕ ದಿನ ಹಬ್ಬ.

ಇಲ್ಲಿಯ ಮೊದಲ ನಿಯಮ: ಬರಿಗೈಯಲ್ಲಿ ಹೋಗಬಾರದು, ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು. ಚೇತಕ್ ಮೂರು ದಶಕಕ್ಕೂ ಹೆಚ್ಚು ಕಾಲ ತಯಾರಾದ ಗಾಡಿ. ಹೆಸರು ಒಂದೇ ಆದರೂ ಒಳಗಿನದು ಬದಲಾಗುತ್ತ ಬಂತು. ಮೊದಲು ಪಾಯಿಂಟ್, ಕಂಡೆನ್ಸರ್ ಇದ್ದಲ್ಲಿ ಆಮೇಲೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. 6 ವೋಲ್ಟ್ ಹೋಗಿ 12 ವೋಲ್ಟ್ ಬಂತು. “ಕಾಕಾ, ಚೇತಕ್‌ಗೆ ಮ್ಯಾಗ್ನೆಟ್ ಅದ ಏನ್ರೀ?” ಎಂದು ಕೇಳಿದರೆ ಉತ್ತರದ ಬದಲು ಮರುಪ್ರಶ್ನೆ ಬರುತ್ತದೆ: ಯಾವ ಸಾಲಿನದು? ಹಾಗಾಗಿ ಚಾಸಿ ನಂಬರೂ ಎಂಜಿನ್ ನಂಬರೂ ಬರೆದುಕೊಂಡಿರಬೇಕು.

ನಾನಾ ಪೇಠೆಯಲ್ಲಿ ಸಿಗದ್ದಕ್ಕೆ ಜುನಾ ಬಾಜಾರ್. ನಿಜ ಹೇಳಬೇಕೆಂದರೆ ಹಳೆಯ ಗಾಡಿಯ ದುರಸ್ತಿಯಲ್ಲಿ ಎಂಜಿನ್ ಭಾಗಗಳಿಗಿಂತ ಹೆಚ್ಚು ಕಾಡುವುದು ಹೊರಗಿನ ಅಲಂಕಾರದ ಭಾಗಗಳು: ಹೆಡ್‌ಲೈಟಿನ ರಿಮ್ಮು, ಸ್ಪೀಡೊಮೀಟರು, ಹಾರ್ನ್ ಮುಂದಿನ ಜಾಲರಿ, ಹೆಸರಿನ ಅಕ್ಷರಪಟ್ಟಿ, ಡಿಕ್ಕಿಯ ಬೀಗ. ಇವು ಬೇಗ ಸವೆಯುವಂಥವಲ್ಲ, ಆದ್ದರಿಂದ ಹೆಚ್ಚಾಗಿ ತಯಾರಾಗಲೂ ಇಲ್ಲ. ಇನ್ನೊಂದು ಸ್ಕೂಟರನ್ನು ಒಡೆದಾಗಲೇ ಅವು ಹೊರಬರಬೇಕು. ಬಾಜಾರಿನಲ್ಲಿ ಎಚ್ಚರವೂ ಬೇಕು. ನಂಬರ್ ಉಜ್ಜಿ ಅಳಿಸಿದ ಚಾಸಿ ಅಥವಾ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು. ಕದ್ದ ಮಾಲು ಆಗಿರಬಹುದು, ನೋಂದಣಿಯಂತೂ ಸಾಧ್ಯವಿಲ್ಲ.

ಮೂರನೆಯ ನೆಲೆ ಲೇತ್ ಅಂಗಡಿಗಳದು. ಪಿಂಪ್ರಿ, ಚಿಂಚವಾಡ, ಭೋಸರಿಗಳಲ್ಲಿ ವಾಹನ ಕಂಪನಿಗಳಿಗೆ ಬಿಡಿಭಾಗ ಪೂರೈಸುತ್ತ ಬೆಳೆದ ಸಣ್ಣ ಕಾರ್ಖಾನೆಗಳು ನೂರಾರು. ಅಳತೆ ಹಿಡಿದು ಲೋಹ ಕಡೆಯುವ ಕೈಗಳು ಈ ಊರಿಗೆ ಸಿಕ್ಕಿದ್ದು ಅಲ್ಲಿಂದ. ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿಸಿ ಕೂದಲೆಳೆಯಷ್ಟು ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಬೋರಿಂಗ್‌ಗೂ ಜಾಗ ಉಳಿದಿಲ್ಲದಿದ್ದರೆ ಹೊಸ ಸ್ಲೀವ್ ಕೂರಿಸುತ್ತಾರೆ. ಕ್ರ್ಯಾಂಕಿನ ಕನೆಕ್ಟಿಂಗ್ ರಾಡ್ ಬದಲಿಸಿ ಪ್ರೆಸ್ಸಿನಲ್ಲಿ ಮತ್ತೆ ನೇರಗೊಳಿಸುತ್ತಾರೆ. ಬುಷ್, ಪಿನ್, ಸ್ಪೇಸರ್‌ಗಳನ್ನಂತೂ ಮಾದರಿ ತೋರಿಸಿದರೆ ಕಡೆದೇ ಕೊಡುತ್ತಾರೆ.

ಈ ಮೂರೂ ನೆಲೆ ಒಂದೇ ಊರಿನಲ್ಲಿರುವುದು ಪುಣೆಯ ಭಾಗ್ಯ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿ.ಮೀ., ಪುಣೆ ಸುಮಾರು 340. ಉತ್ತರ ಕರ್ನಾಟಕದ ಸ್ಕೂಟರ್ ಪ್ರಿಯರು ಈ ಪೇಠೆಗಳ ದಾರಿ ತಿಳಿದಿರುವುದು ಒಳ್ಳೆಯದು.

ಲೋಹ ಹಳೆಯದಿರಲಿ, ರಬ್ಬರ್ ಹೊಸದಿರಲಿ

ಹಳೆಯ ಡಬ್ಬಿಯ ಮಾಲೆಂದರೆ ಎಲ್ಲವೂ ಶ್ರೇಷ್ಠ ಎಂದು ಹೊಸಬರು ನಂಬುತ್ತಾರೆ. ಲೋಹದ ವಿಷಯದಲ್ಲಿ ಅದು ನಿಜವೇ. ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಗಿಯರು, ತುಕ್ಕು ಹಿಡಿಯದಿದ್ದರೆ, ಈಗಿನ ಅಗ್ಗದ ನಕಲಿಗಿಂತ ಎಷ್ಟೋ ಮೇಲು. ರಬ್ಬರಿನದು ತದ್ವಿರುದ್ಧ. ಬಳಸದೆ ಇಟ್ಟರೂ ರಬ್ಬರ್ ಗಡುಸಾಗುತ್ತದೆ, ಬಿರಿಯುತ್ತದೆ. ಆಯಿಲ್ ಸೀಲ್, ಪೆಟ್ರೋಲ್ ಪೈಪು, ಎಂಜಿನ್ ಬುಷ್ ಯಾವಾಗಲೂ ಹೊಸದೇ ಇರಬೇಕು.

ಬೇರಿಂಗ್ ವಿಚಾರ ಇನ್ನೂ ಸುಲಭ. ಬೇರಿಂಗಿನ ಮೇಲೆ ಕೆತ್ತಿದ ಅಂಕಿ ಜಗತ್ತಿಗೆಲ್ಲ ಒಂದೇ. 6204 ಎಂದರೆ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಯಾವ ದೇಶದ್ದಾದರೂ ಇದೇ ಅಳತೆ. ಸೀಲ್‌ಗಳಿಗೂ ಇಂಥದ್ದೇ ಮೂರು ಅಳತೆಯ ಲೆಕ್ಕ ಉಂಟು. ಸ್ಕೂಟರ್ ಅಂಗಡಿಯಲ್ಲಿ ಇಲ್ಲ ಎಂದದ್ದು ಅಂಕಿ ಹಿಡಿದು ಹೋದರೆ ಬೇರಿಂಗ್ ಅಂಗಡಿಯಲ್ಲಿ ಸಿಕ್ಕೀತು. ಕಂಪನಿಯ ಹೆಸರನ್ನು ಮರೆತು ಅಳತೆಯಿಂದ ಯೋಚಿಸುವುದು ಈ ಕಸುಬಿನ ದೊಡ್ಡ ಪಾಠ.

ಈಗ ಪೆಟ್ರೋಲಿನಲ್ಲೇ ಹೊಸ ಸವಾಲು ಬಂದಿದೆ. ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ಅದು ತುಕ್ಕು ತರಬಲ್ಲದು, ಹಳೆಯ ಮಾದರಿಯ ರಬ್ಬರನ್ನೂ ಹಾಳುಮಾಡಬಲ್ಲದು. ಎಥನಾಲ್ ತಡೆಯುವ ಪೈಪು, ವಾಷರುಗಳನ್ನು ಹಾಕುವುದು, ಗಾಡಿ ಬಹಳ ದಿನ ನಿಲ್ಲುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದು ಮಾಡುವುದು ಈಗ ಅನಿವಾರ್ಯ.

ಐವತ್ತು ದಾಟಿದ ಮೇಲೆ

ಮೊದಲ ಚೇತಕ್‌ಗಳಿಗೆ ಈಗ ಐವತ್ತು ವರ್ಷ ಮೀರಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ವರ್ಷಕ್ಕಿಂತ ಹಳೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಇಂಧನ ತುಂಬಿಸುವಂಥ ಕೆಲಸಕ್ಕೆ ಮಾತ್ರ ಹೊರತರಬಹುದು. ಮುಖ್ಯ ಷರತ್ತು ಬೇರೆ ಇದೆ: ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂದರೆ ಸರಿಯಾದ ವರ್ಷದ ಸರಿಯಾದ ಭಾಗ ಹುಡುಕುವವರ ಕೆಲಸಕ್ಕೆ ಈಗ ಕಾನೂನಿನ ತೂಕವೂ ಬಂದಿದೆ.

ನಮ್ಮ ಮೈಸೂರಿನ ಉದಾಹರಣೆ ಇಲ್ಲಿ ನೆನಪಾಗದೆ ಇರದು. 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮೋಟರ್‌ಸೈಕಲ್ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಸವಾರರು ಚದುರಲಿಲ್ಲ. ಬೆಂಗಳೂರು, ಮೈಸೂರು, ಪುಣೆಗಳಲ್ಲಿ ಗುಂಪು ಕಟ್ಟಿಕೊಂಡು, ಪ್ರತಿವರ್ಷ ಜುಲೈ ತಿಂಗಳಲ್ಲಿ ಜಾವಾ ದಿನ ಆಚರಿಸುತ್ತ, ಯಾರ ಬಳಿ ಯಾವ ಭಾಗ ಇದೆ ಎಂಬ ತಿಳಿವಳಿಕೆಯನ್ನು ಹಂಚಿಕೊಳ್ಳುತ್ತ ಬಂದರು. ಯುರೋಪಿನಲ್ಲಿ ಇದೇ ಕೆಲಸ ಉದ್ಯಮವಾಗಿಯೇ ಬೆಳೆದಿದೆ. ಜರ್ಮನಿಯ ಎಸ್‌ಐಪಿಯಂಥ ಸಂಸ್ಥೆಗಳು ಹಳೆಯ ವೆಸ್ಪಾಗಳಿಗೆ ಭಾಗಗಳನ್ನು ಹೊಸದಾಗಿ ಮಾಡಿಸಿ ಜಗತ್ತಿಗೆಲ್ಲ ಮಾರುತ್ತವೆ.

ಪುಣೆಯಲ್ಲಿ ಕೈಗಳಿವೆ, ಯಂತ್ರಗಳಿವೆ, ಗಿರಾಕಿಗಳೂ ಇದ್ದಾರೆ. ಇಲ್ಲದಿರುವುದು ಬರಹ. ಯಾವ ಸಾಲಿನ ಚೇತಕ್‌ಗೆ ಯಾವ ಭಾಗ, ಯಾವುದರ ಬದಲು ಯಾವುದು ಹೊಂದುತ್ತದೆ ಎಂಬ ಜ್ಞಾನ ಇಂದಿಗೂ ಬಹುಮಟ್ಟಿಗೆ ವಯಸ್ಸಾದ ಮಿಸ್ತ್ರಿಗಳ, ವರ್ತಕರ ನೆನಪಿನಲ್ಲಿಯೇ ಇದೆ. ಅವರ ಮಕ್ಕಳೆಲ್ಲ ಇದೇ ಕಸುಬಿಗೆ ಬರಬೇಕೆಂದೇನೂ ಇಲ್ಲ. ಆದರೆ ಹಳೆಯ ಚೇತಕ್ ಇಟ್ಟುಕೊಂಡ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸವೊಂದಿದೆ. ಗಾಡಿ ಬಿಚ್ಚಿಸುವಾಗ ಪಕ್ಕದಲ್ಲಿ ನಿಲ್ಲಿ, ಪ್ರತಿ ಭಾಗದ ಅಳತೆ ತೆಗೆದುಕೊಳ್ಳಿ, ಮೇಲಿನ ಅಂಕಿ ಬರೆದುಕೊಳ್ಳಿ, ಮಿಸ್ತ್ರಿ ಹೇಳಿದ್ದನ್ನು ಅವರ ಮಾತಿನಲ್ಲೇ ದಾಖಲಿಸಿ, ಅದನ್ನು ಬೇಕಾದವರಿಗೆಲ್ಲ ಕೊಡಿ. ಭಾಗ ಮುಗಿದರೆ ಲೇತ್ ಮೇಲೆ ಇನ್ನೊಂದನ್ನು ಕಡೆಯಬಹುದು, ಆದರೆ ಅಳತೆ ಗೊತ್ತಿದ್ದರೆ ಮಾತ್ರ.